ಮರದ ಪಕ್ಕ ಮರ ಇಟ್ಟು ಗೀಚಿ: ನಾನು ಮಾಡಿದ ಮೊದಲ ಪುಸ್ತಕದ ಕಪಾಟು

ಮೂಡಿಗೆರೆ ಕಡೆಯ ಮಳೆಗಾಲ ಕಂಡವರಿಗೆ ಬೂಷ್ಟು ಅಂದರೆ ಏನು ಅಂತ ಹೇಳಬೇಕಾಗಿಲ್ಲ. ಪೇಟೆಯಿಂದ ತಂದಿದ್ದ ರೆಡಿಮೇಡ್ ರ್ಯಾಕ್ ನಮ್ಮ ಮನೆಯಲ್ಲಿ ಎರಡೇ ಮಳೆಗಾಲ ಬಾಳಿತು. ಮರದ ಪುಡಿಗೆ ಅಂಟು ಹಾಕಿ ಒತ್ತಿದ ಹಲಗೆ ಅದು. ಮೊದಲ ವರ್ಷ ಕೆಳಗಿನ ಅಂಚು ನೀರು ಕುಡಿದು ಉಬ್ಬಿತು. ಎರಡನೇ ವರ್ಷ ನಡುವಿನ ಹಲಗೆ ಜೋತುಬಿದ್ದು ಸ್ಕ್ರೂ ಕಿತ್ತು ಬಂತು. ಪುಸ್ತಕಗಳನ್ನೆಲ್ಲ ರಟ್ಟಿನ ಡಬ್ಬಗಳಿಗೆ ತುಂಬಿಟ್ಟೆ. ನವೆಂಬರ್‌ನಲ್ಲಿ ತೆಗೆದು ನೋಡಿದರೆ ಬೆನ್ನಿನ ಮೇಲೆಲ್ಲ ಬಿಳಿ ಬೂಷ್ಟು. ಒಂದೊಂದನ್ನೇ ಬಿಸಿಲಿಗೆ ಹಾಕಿ ಒರೆಸುವಾಗ ಹೊಟ್ಟೆ ಉರಿಯಿತು. ನಿಜವಾದ ಮರದಲ್ಲಿ, ನನ್ನ ಕೈಯಾರೆ ಒಂದು ಕಪಾಟು ಮಾಡಬೇಕು ಅಂತ ಆವತ್ತೇ ಗಟ್ಟಿ ಮಾಡಿಕೊಂಡೆ. ಅದಕ್ಕೆ ಮುಂಚೆ ನಾನು ಗರಗಸ ಹಿಡಿದವಳೇ ಅಲ್ಲ.

ಮೊದಲು ಅಳೆದಿದ್ದು ಮರವನ್ನಲ್ಲ, ಪುಸ್ತಕಗಳನ್ನು. ಎಲ್ಲವನ್ನೂ ಹಾಲ್‌ನಲ್ಲಿ ಹರಡಿ ಎತ್ತರದ ಪ್ರಕಾರ ಸಾಲು ಮಾಡಿದೆ. ಮುಕ್ಕಾಲು ಪಾಲು ಡೆಮಿ 1/8 ಅಳತೆಯವು, ಅಂದರೆ ಎಂಟೂವರೆ ಇಂಚು ಎತ್ತರ, ಐದೂವರೆ ಇಂಚು ಅಗಲ. ಮೇಲೆ ಬೆರಳು ಹಾಕಿ ಎಳೆಯಲು ಒಂದು ಇಂಚು ಸೇರಿಸಿದರೆ ಖಾನೆಗೆ ಒಂಬತ್ತೂವರೆ ಇಂಚು ಸಾಕು. ಅಂಥ ಎರಡು ಖಾನೆ, ಹತ್ತು ಇಂಚಿನದು ಒಂದು, ನಿಘಂಟು ಮತ್ತು ಚಿತ್ರದ ಪುಸ್ತಕಗಳಿಗೆ ಕೆಳಗೆ ಹನ್ನೆರಡೂಕಾಲು ಇಂಚಿನದು ಒಂದು. ಮುಕ್ಕಾಲು ಇಂಚಿನ ಐದು ಅಡ್ಡ ಹಲಗೆಯ ದಪ್ಪ, ಕೆಳಗೆ ಎರಡು ಇಂಚು ಕಾಲು, ಮೇಲೆ ಒಂದು ಇಂಚು ಅಂಚು. ಎಲ್ಲ ಕೂಡಿದರೆ ಸರಿಯಾಗಿ ನಾಲ್ಕು ಅಡಿ. ಆಳ ಒಂಬತ್ತು ಇಂಚು.

ಅಗಲ ಎಷ್ಟಿರಬೇಕು ಅನ್ನುವುದೇ ದೊಡ್ಡ ಪ್ರಶ್ನೆಯಾಗಿತ್ತು. ಮೂರು ಅಡಿ ಇದ್ದರೆ ಚೆನ್ನ ಅನಿಸಿತ್ತು. ಆದರೆ ಜೋತುಬಿದ್ದ ಹಳೇ ರ್ಯಾಕ್ ಕಣ್ಣ ಮುಂದೆ ಇತ್ತಲ್ವಾ, ಅದಕ್ಕೆ ಒಂದು ಪರೀಕ್ಷೆ ಮಾಡಿದೆ. ಮುಕ್ಕಾಲು ಇಂಚು ದಪ್ಪದ ಹಲಗೆಯನ್ನು ಎರಡು ಇಟ್ಟಿಗೆ ಮೇಲೆ 36 ಇಂಚು ಅಂತರಕ್ಕೆ ಇಟ್ಟು ಪುಸ್ತಕ ಜೋಡಿಸಿದೆ. ಹಲಗೆಯ ಕೆಳಗೆ ಆ ತುದಿಯಿಂದ ಈ ತುದಿಗೆ ದಾರ ಹಿಡಿದು ನೋಡಿದರೆ ನಡುವೆ ಎರಡು ಮಿಲಿಮೀಟರ್‌ಗಿಂತ ಜಾಸ್ತಿ ಬಾಗಿತ್ತು. ಇಟ್ಟಿಗೆಗಳನ್ನು 27 ಇಂಚಿಗೆ ಸರಿಸಿ, ಹೊರಗೆ ಉಳಿದ ಪುಸ್ತಕ ತೆಗೆದೆ. ಈಗ ಒಂದು ಮಿಲಿಮೀಟರ್ ಕೂಡ ಇಲ್ಲ. ಲೆಕ್ಕವೂ ಅದನ್ನೇ ಹೇಳುತ್ತದೆ. ಉದ್ದಕ್ಕೂ ಪುಸ್ತಕ ತುಂಬಿದ ಹಲಗೆ ಎರಡು ಪಟ್ಟು ಉದ್ದವಾದರೆ ಹದಿನಾರು ಪಟ್ಟು ಬಾಗುತ್ತದೆ. ದಪ್ಪ ಎರಡು ಪಟ್ಟಾದರೆ ಬಾಗುವುದು ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಮೊದಲ ದಿನದ ಎರಡು ಮಿಲಿಮೀಟರ್ ವರ್ಷಗಟ್ಟಲೆ ಭಾರ ಹೊತ್ತರೆ ಇನ್ನೂ ಬೆಳೆಯುತ್ತದೆ. 27 ಇಂಚಿಗೇ ನಿಲ್ಲಿಸಿದೆ.

ಮರ ಯಾವುದು ಅಂತ ಕೇಳಲು ನಮ್ಮ ಬೀದಿಯ ಮರಗೆಲಸದ ಆಚಾರ್ರ ಹತ್ತಿರ ಹೋದೆ. ಈಗ ಕೆಲಸ ಬಿಟ್ಟಿದ್ದಾರೆ, ಕಣ್ಣು ಸ್ವಲ್ಪ ಮಂಜು. "ಟೀಚರೇ, ಕೈ ಕೂರೋ ತನಕ ತೇಗ ಮುಟ್ಟಬೇಡಿ. ಸಿಲ್ವರ್ ತಗೊಳ್ಳಿ" ಅಂದರು. ಸಿಲ್ವರ್ ಓಕ್ ನಮ್ಮ ಕಾಫಿ ತೋಟಗಳಲ್ಲಿ ನೆರಳಿಗೆ ಹಾಕುವ ಮರ, ಮೆಣಸಿನ ಬಳ್ಳಿ ಹಬ್ಬುವುದು ಅದರ ಮೇಲೇ. ಆಸ್ಟ್ರೇಲಿಯಾದಿಂದ ಬಂದದ್ದು. ಹಗುರ, ಉಳಿಗೆ ಬೇಗ ಒಗ್ಗುತ್ತದೆ, ಬೆಲೆಯೂ ಕಡಿಮೆ. ಕೆಲವು ಹಲಗೆಗಳ ಮೈಮೇಲೆ ಮೀನಿನ ಹುರುಪೆಯ ಹಾಗೆ ಹೊಳೆಯುವ ಗುರುತುಗಳಿರುತ್ತವೆ. ನನಗೆ ತುಂಬಾ ಇಷ್ಟ. ಮಿಲ್‌ನಲ್ಲಿ ಮರ ಘನ ಅಡಿ ಲೆಕ್ಕದಲ್ಲಿ ಕೊಡುತ್ತಾರೆ. ನನಗೆ ಬೇಕಾದದ್ದು ಸುಮಾರು ಒಂದೂಕಾಲು ಘನ ಅಡಿ, ತಂದದ್ದು ಒಂದೂಮುಕ್ಕಾಲು. ಒಂದು ಇಂಚಿನ ಹಲಗೆಯನ್ನೇ ತರಬೇಕು, ಯಾಕೆಂದರೆ ತೋಪಡ ಹೊಡೆದ, ಅಂದರೆ ಮೈ ಹೆರೆದು ಸಮ ಮಾಡಿದ ಮೇಲೆ ಅದು ಮುಕ್ಕಾಲು ಇಂಚಿಗೆ ಬರುತ್ತದೆ.

ಜನವರಿ ಕೊನೆಯಲ್ಲಿ ತಂದ ಹಲಗೆ ಇನ್ನೂ ಹಸಿ. ಮನೆಯ ಜಗಲಿಯಲ್ಲಿ, ಬಿಸಿಲು ನೇರವಾಗಿ ಬೀಳದ ಕಡೆ, ಒಂದರ ಮೇಲೊಂದು ಪೇರಿಸಿ ನಡುನಡುವೆ ರೀಪು ಇಟ್ಟೆ, ಗಾಳಿ ಆಡಲಿ ಅಂತ. ಒಣಗಿತಾ ಇಲ್ವಾ ಅಂತ ತಿಳಿಯಲು ಒಂದು ಹಲಗೆಗೆ ಗುರುತು ಹಾಕಿ ಪ್ರತಿ ಭಾನುವಾರ ತೂಗಿದೆ. ಮೊದಲ ವಾರ 5 ಕೆಜಿ 600 ಗ್ರಾಂ. ಮಾರ್ಚ್ ಕೊನೆಗೆ 4 ಕೆಜಿ 400 ಗ್ರಾಂ. ಆಮೇಲೆ ಎರಡು ವಾರ ತೂಕ ಇಳಿಯಲೇ ಇಲ್ಲ. ಸರಿ, ಇನ್ನು ಕೆಲಸ ಶುರು ಮಾಡಬಹುದು. ಹೊತ್ತಿಗೆ ಸರಿಯಾಗಿ ಬೇಸಿಗೆ ರಜೆಯೂ ಬಂತು. ತೋಪಡ ಕೆಲಸ ಮಾತ್ರ ಮಿಲ್‌ನ ಮೆಷಿನ್‌ನಲ್ಲೇ ಮಾಡಿಸಿದೆ. ಒಂಬತ್ತು ಇಂಚು ಅಗಲದ ಹಲಗೆಯನ್ನು ಹೊಸಬರು ಕೈಯಲ್ಲಿ ಸಮ ಮಾಡುವುದು ಬಹಳ ಕಷ್ಟ.

ಉಪಕರಣ ಜಾಸ್ತಿ ಏನೂ ಬೇಕಾಗಲಿಲ್ಲ. ಗರಗಸ, ಮುಕ್ಕಾಲು ಇಂಚಿನ ಉಳಿ, ಕೊಡತಿ, ಮೂಲೆಮಟ್ಟ, ಎರಡು ಕ್ಲಾಂಪ್, ಒಂದು ಚೂಪಾದ ಚಾಕು, ಡ್ರಿಲ್. ಡ್ರಿಲ್ ಪಕ್ಕದ ಮನೆಯವರದು.

ತಪ್ಪಿದ್ದು ನಿಲುವು ಹಲಗೆಯಲ್ಲಿ. ಅಡ್ಡ ಹಲಗೆಯ ತುದಿ ಕೂರಲು ಎರಡೂ ನಿಲುವು ಹಲಗೆಗಳಲ್ಲಿ ಕಾಲು ಇಂಚು ಆಳದ ಗ್ರೂವ್ ತೆಗೆಯಬೇಕು. ನಾನು ಎಡದ ಹಲಗೆಯನ್ನು ಟೇಪ್ ಹಿಡಿದು ಅಳೆದು ಗೆರೆ ಎಳೆದೆ. ಮಾರನೇ ದಿನ ಬಲದ್ದನ್ನು ಬೇರೆಯಾಗಿ ಅಳೆದೆ. ಅದರಲ್ಲಿ ಕೆಳಗಿನ ಎರಡು ಗ್ರೂವ್ ತೆಗೆದ ಮೇಲೆ ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿದರೆ ಎರಡನೇ ಗ್ರೂವ್ ಎಡದ ಗೆರೆಗಿಂತ ಮೂರು ಮಿಲಿಮೀಟರ್ ಮೇಲಿತ್ತು. ಹಲಗೆಯ ಬುಡ ನೇರವಾಗಿ ಕೊಯ್ದಿರಲಿಲ್ಲ, ನಾನು ಟೇಪ್ ಸಿಕ್ಕಿಸಿದ ಜಾಗವೂ ಬೇರೆ ಬೇರೆ. ಎರಡು ದಿನದ ಕೆಲಸ. ಅಳು ಬಂತು.

ಆಚಾರ್ರು ಬಂದು ಹಲಗೆಯ ಮೇಲೆ ಹೆಬ್ಬೆರಳು ಆಡಿಸಿ ನೋಡಿದರು. "ಟೇಪಿಗೆ ಎರಡು ಸಲ ಕೇಳಿದರೆ ಎರಡು ಉತ್ತರ ಕೊಡುತ್ತೆ ಟೀಚರೇ. ಮರದ ಪಕ್ಕ ಮರ ಇಟ್ಟು ಗೀಚಿ" ಅಂದರು. ಆಮೇಲೆ ಒಂದು ರೀಪು ತೆಗೆದುಕೊಂಡು ಬುಡದಿಂದ ತುದಿವರೆಗೆ ಎಲ್ಲ ಖಾನೆಗಳ ಅಳತೆ ಒಂದೇ ಸಲ ಗುರುತು ಹಾಕಿಸಿದರು. ಅದೇ ಅಳತೆ ಕೋಲು. ಅದಾದ ಮೇಲೆ ಟೇಪನ್ನು ಮುಟ್ಟಲು ಬಿಡಲಿಲ್ಲ. ಎರಡು ನಿಲುವು ಹಲಗೆಗಳ ಬುಡವನ್ನು ಮೂಲೆಮಟ್ಟ ಹಿಡಿದು ನೇರ ಮಾಡಿ, ತೆರೆದ ಪುಸ್ತಕದ ಎರಡು ಪುಟದ ಹಾಗೆ ಪಕ್ಕ ಪಕ್ಕ ಮಲಗಿಸಿ ಕ್ಲಾಂಪ್ ಹಾಕಿದೆವು. ಕೋಲಿನ ಗುರುತಿಂದ ಎರಡರ ಮೇಲೂ ಹಾದುಹೋಗುವಂತೆ ಒಂದೇ ಗೆರೆ. ಪೆನ್ಸಿಲ್‌ನಲ್ಲಿ ಅಲ್ಲ, ಚಾಕುವಿನಲ್ಲಿ. ಪೆನ್ಸಿಲ್ ಗೆರೆಗೆ ದಪ್ಪ ಇರುತ್ತದೆ, ಅದರ ಯಾವ ಬದಿ ಕೊಯ್ಯಬೇಕು ಅನ್ನುವ ಗೊಂದಲ. ಚಾಕುವಿನ ಗೀರಲ್ಲಿ ಉಳಿಯ ಬಾಯಿ ತಾನಾಗಿ ಕೂರುತ್ತದೆ. ಗ್ರೂವ್ ಅಗಲಕ್ಕೂ ಅಷ್ಟೆ, ಅಡ್ಡ ಹಲಗೆಯನ್ನೇ ಅದರ ಮೇಲೆ ನಿಲ್ಲಿಸಿ ಎರಡೂ ಬದಿ ಗೀಚಿದೆ.

ಹಾಳಾದ ಹಲಗೆ ವ್ಯರ್ಥವಾಗಲಿಲ್ಲ. ಎರಡನೇ ಗ್ರೂವ್‌ನಿಂದ ಮೇಲೆ 32 ಇಂಚು ಚೆನ್ನಾಗಿತ್ತು. ಇಪ್ಪತ್ತೇಳೂವರೆ ಇಂಚು ಕೊಯ್ದು ಒಂದು ಅಡ್ಡ ಹಲಗೆ ಮಾಡಿಕೊಂಡೆ. ಮರ ಸ್ವಲ್ಪ ಜಾಸ್ತಿ ತನ್ನಿ ಅನ್ನುವುದು ಅದಕ್ಕೇ.

ಗ್ರೂವ್ ತೆಗೆಯುವ ರೀತಿ ಹೀಗೆ. ಗೆರೆಯ ಪಕ್ಕ ನೇರವಾದ ರೀಪು ಕ್ಲಾಂಪ್ ಮಾಡಿ, ಅದಕ್ಕೆ ಗರಗಸ ಒರಗಿಸಿ ಕೊಯ್ಯಬೇಕು. ಗರಗಸದ ಹಲ್ಲಿನಿಂದ ಕಾಲು ಇಂಚು ಮೇಲೆ ಬಣ್ಣದ ಟೇಪ್ ಅಂಟಿಸಿಕೊಂಡರೆ ಎಲ್ಲಿ ನಿಲ್ಲಿಸಬೇಕು ಅಂತ ಕಾಣುತ್ತದೆ. ಎರಡೂ ಗೆರೆ ಕೊಯ್ದ ಮೇಲೆ ನಡುವಿನದನ್ನು ಉಳಿಯಿಂದ ತೆಗೆಯಬೇಕು, ಎರಡೂ ಅಂಚಿನಿಂದ ನಡುವಿನ ಕಡೆಗೆ. ಒಂದೇ ಕಡೆಯಿಂದ ತಳ್ಳಿದರೆ ಆಚೆ ಅಂಚಿನಲ್ಲಿ ಸಿಬಿರು ಎದ್ದು ಚಕ್ಕೆ ಹಾರುತ್ತದೆ. ಉಳಿ ಹರಿತ ಇದ್ದರೆ ಸುರುಳಿ ಸುರುಳಿಯಾಗಿ ಹೊಟ್ಟು ಬರುತ್ತದೆ. ಪುಡಿ ಬರಲು ಶುರುವಾದರೆ ಸಾಣೆಕಲ್ಲಿಗೆ ಹೋಗಬೇಕು. ಹತ್ತು ಗ್ರೂವ್‌ಗೆ ನನಗೆ ನಾಲ್ಕು ದಿನ ಹಿಡಿಯಿತು. ಕೊನೆಯ ಗ್ರೂವ್‌ಗೆ ಹಲಗೆ ಇಟ್ಟು ಅಂಗೈಯಿಂದ ತಟ್ಟಿದಾಗ 'ಟಪ್' ಅಂತ ಕೂತಿತು. ಆ ಸದ್ದು ಈಗಲೂ ಕಿವಿಯಲ್ಲಿದೆ.

ಅಂಟು ಹಾಕುವ ಮುಂಚೆ ಒಂದು ಸಲ ಒಣಗಾಗಿ ಜೋಡಿಸಿ ನೋಡಲೇಬೇಕು. ಚೌಕವಾಗಿದೆಯಾ ಅಂತ ತಿಳಿಯಲು ಮೂಲೆಯಿಂದ ಎದುರು ಮೂಲೆಗೆ ದಾರ ಹಿಡಿದೆ, ಆಮೇಲೆ ಇನ್ನೊಂದು ಜೋಡಿ ಮೂಲೆಗೆ. ಎರಡೂ ಒಂದೇ ಉದ್ದ ಬರಬೇಕು. ನನ್ನದರಲ್ಲಿ ಆರು ಮಿಲಿಮೀಟರ್ ವ್ಯತ್ಯಾಸ. ಉದ್ದದ ಕ್ಲಾಂಪ್ ನನ್ನ ಹತ್ತಿರ ಇರಲಿಲ್ಲ. ಉದ್ದ ಬಂದ ಎರಡು ಮೂಲೆಗೆ ಹಗ್ಗ ಸುತ್ತಿ, ನಡುವೆ ಕೋಲು ತೂರಿಸಿ ತಿರುಚಿದೆ. ನಿಧಾನವಾಗಿ ಎರಡೂ ಸಮಕ್ಕೆ ಬಂತು. ಫೆವಿಕಾಲ್ ಹಾಕಿದ ದಿನವೂ ಹಾಗೇ ಬಿಗಿದು ರಾತ್ರಿಯಿಡೀ ಬಿಟ್ಟೆ. ಹಲಗೆಯ ತುದಿ ಅಂಟನ್ನು ಹೀರಿಕೊಳ್ಳುತ್ತದೆ, ಹಿಡಿತ ಕಡಿಮೆ. ಅದಕ್ಕೆ ಹೊರಗಿನಿಂದ ಪ್ರತಿ ತುದಿಗೆ ಎರಡು ಸ್ಕ್ರೂ, ಮೊದಲು ತೂತು ಕೊರೆದೇ ಹಾಕಿದೆ. ಹೊರಬಂದ ಅಂಟನ್ನು ಒದ್ದೆ ಬಟ್ಟೆಯಲ್ಲಿ ಆಗಲೇ ಒರೆಸಬೇಕು. ಇಲ್ಲದಿದ್ದರೆ ಅಲ್ಲಿ ಎಣ್ಣೆ ಹಿಡಿಯುವುದಿಲ್ಲ. ಹಿಂದೆ 4 ಎಂಎಂ ಪ್ಲೈ ಹೊಡೆದ ಮೇಲೆ ಕಪಾಟು ಅಲ್ಲಾಡುವುದು ಪೂರ್ತಿ ನಿಂತಿತು.

ಹುಳ ಹಿಡಿಯದ ದ್ರಾವಣ ಬಳಿದು ಒಣಗಿಸಿ, ಉಪ್ಪುಕಾಗದದಲ್ಲಿ 120, 180, 220 ನಂಬರ್ ಕ್ರಮವಾಗಿ, ಮರದ ಎಳೆಯ ಜೊತೆಜೊತೆಗೇ ಉಜ್ಜಿದೆ. ಒಂದು ಎಚ್ಚರಿಕೆ. ಸಿಲ್ವರ್ ಓಕ್ ಪುಡಿ ಕೆಲವರ ಚರ್ಮಕ್ಕೆ ಆಗುವುದಿಲ್ಲ. ನನಗೆ ಮೊಣಕೈವರೆಗೆ ಕೆಂಪಗೆ ಗಂಧೆ ಎದ್ದು ಮೂರು ದಿನ ನವೆ. ತುಂಬುತೋಳಿನ ಅಂಗಿ, ಮಾಸ್ಕ್ ಹಾಕಿಕೊಂಡೇ ಉಜ್ಜಿ. ಕೊನೆಗೆ ಹಾರ್ಡ್‌ವೇರ್ ಅಂಗಡಿಯ ಅಗಸೆ ಎಣ್ಣೆ, ತೆಳ್ಳಗೆ ಮೂರು ಕೈ. ಆ ಎಣ್ಣೆ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಒಣಗುತ್ತಾ ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಹೊರಗೆ ಹರಡಿ ಒಣಗಿಸಿ. ಕಪಾಟನ್ನು ಗೋಡೆಯಿಂದ ಎರಡು ಇಂಚು ಬಿಟ್ಟು ನಿಲ್ಲಿಸಿ, ಮೇಲೆ ಎಲ್ ಪಟ್ಟಿ ಹಾಕಿ ಗೋಡೆಗೆ ಬಿಗಿದೆ. ಮನೆಗೆ ಬರುವ ಮಕ್ಕಳು ಹತ್ತುತ್ತಾರೆ.

ಆಗಸ್ಟ್‌ನಲ್ಲಿ ಮಳೆ ಜೋರಾಗಿದ್ದಾಗ ಪುಸ್ತಕ ತುಂಬಿದ ಹಲಗೆಯ ಕೆಳಗೆ ಮತ್ತೆ ದಾರ ಹಿಡಿದು ನೋಡಿದೆ. ಒಂದು ಪೋಸ್ಟ್‌ಕಾರ್ಡ್ ತೂರುವಷ್ಟು ಬಾಗಿತ್ತು, ಅಷ್ಟೆ. ಅಡ್ಡ ಹಲಗೆಯೂ ನಿಲುವು ಹಲಗೆಯೂ ಮಳೆಗೆ ಮುಂದೆ-ಹಿಂದೆ ಒಂದೇ ರೀತಿ ಉಬ್ಬುವುದರಿಂದ ಗ್ರೂವ್ ಬಿರುಕು ಬಿಟ್ಟಿರಲಿಲ್ಲ. ಆಚಾರ್ರು ಬಂದಿದ್ದರು. ಒಂದೊಂದು ಕೂಡುವ ಜಾಗದಲ್ಲೂ ಉಗುರು ಇಟ್ಟು ನೋಡಿದರು. "ಕೋಲು ಎಲ್ಲಿ ಇಟ್ಟಿದ್ದೀರಿ?" ಅಂತ ಕೇಳಿದರು. ಕಪಾಟಿನ ಹಿಂದಿನ ಸಂದಿಯಿಂದ ತೆಗೆದು ತೋರಿಸಿದೆ. ಕೈಯಲ್ಲಿ ಹಿಡಿದು, ಗುರುತುಗಳನ್ನು ಬೆರಳಲ್ಲಿ ಎಣಿಸಿ, ಅಲ್ಲೇ ವಾಪಸ್ ಇಟ್ಟರು.