ಅಮೆರಿಕದ ಕಾಲೇಜು ಫುಟ್‌ಬಾಲ್ ಪಂದ್ಯವನ್ನು ನೋಡುವ ಬಗೆ

ಈ ಆಟವನ್ನು ಹೊಸದಾಗಿ ನೋಡುವವರು ಮೊದಲು ಡೌನ್ (ಚೆಂಡಿನೊಂದಿಗೆ ಮುಂದೆ ಸಾಗಲು ತಂಡಕ್ಕೆ ಸಿಗುವ ಒಂದು ಅವಕಾಶ) ಮತ್ತು ಯಾರ್ಡ್‌ಗಳ ಲೆಕ್ಕವನ್ನು ಗಮನಿಸಬೇಕು. 4 ಡೌನ್‌ಗಳೊಳಗೆ 10 ಯಾರ್ಡ್ ಮುಂದೆ ಸಾಗಿದರೆ ಮಾತ್ರ ತಂಡಕ್ಕೆ ಹೊಸದಾಗಿ 4 ಅವಕಾಶಗಳು ಸಿಗುತ್ತವೆ. ತರಬೇತುದಾರರ ತೀರ್ಮಾನಗಳೆಲ್ಲ ಈ ಲೆಕ್ಕದ ಸುತ್ತಲೇ ಇರುತ್ತವೆ.

ಮೂರನೇ ಡೌನ್‌ನಲ್ಲಿ 2 ಯಾರ್ಡ್ ಬಾಕಿಯಿದ್ದರೆ ಚೆಂಡನ್ನು ಹಿಡಿದು ಓಡಲೂಬಹುದು, ಎಸೆಯಲೂಬಹುದು. ಹೀಗಾಗಿ ಎದುರಾಳಿಗಳಿಗೆ ಊಹಿಸುವುದು ಕಷ್ಟ. 9 ಯಾರ್ಡ್ ಬಾಕಿಯಿದ್ದರೆ ಅವರು ಎಸೆತವನ್ನೇ ನಿರೀಕ್ಷಿಸುತ್ತಾರೆ. ಆದ್ದರಿಂದ ತರಬೇತುದಾರರ ಜಾಣ್ಮೆಯನ್ನು ಮೂರನೇ ಡೌನ್‌ನ ಸಾಹಸಕ್ಕಿಂತ ಮೊದಲ ಡೌನ್‌ನಲ್ಲಿ ಗಳಿಸಿದ ನಾಲ್ಕೈದು ಯಾರ್ಡ್‌ಗಳಿಂದ ಅಳೆಯುವುದು ನ್ಯಾಯ. 2024ರಿಂದ ಉನ್ನತ ವಿಭಾಗದಲ್ಲಿ ಒಬ್ಬ ಆಟಗಾರನಿಗೆ ಹೆಲ್ಮೆಟ್‌ನೊಳಗಿನ ರೇಡಿಯೋ ಮೂಲಕ ಸೂಚನೆ ಕೊಡಲು ಅವಕಾಶವಿದೆ. ಪ್ರತಿ ಡೌನ್ ಶುರುಮಾಡಲು ಸಮಯ ಎಣಿಸುವ ಗಡಿಯಾರದಲ್ಲಿ 15 ಸೆಕೆಂಡು ಉಳಿದಾಗ ಆ ಸಂಪರ್ಕ ಕಡಿದುಹೋಗುತ್ತದೆ.

ಟ್ಯಾಕಲ್ (ಚೆಂಡು ಹಿಡಿದವನನ್ನು ತಡೆದು ಬೀಳಿಸುವುದು) ನೋಡುವಾಗ ಡಿಕ್ಕಿಯ ಸದ್ದಿಗೆ ಮರುಳಾಗದೆ ಬೀಳಿಸುವ ಆಟಗಾರನ ಕಾಲುಗಳನ್ನು ನೋಡಿ. ಒಳ್ಳೆಯ ಆಟಗಾರನು ಹತ್ತಿರ ಬಂದಂತೆ ಹೆಜ್ಜೆಗಳನ್ನು ಚಿಕ್ಕದು ಮಾಡಿ, ಸೊಂಟವನ್ನು ತಗ್ಗಿಸಿ, ತಲೆಯೆತ್ತಿ, ಭುಜವನ್ನು ತಾಗಿಸಿ, ಎರಡೂ ತೋಳುಗಳಿಂದ ಬಿಗಿಯಾಗಿ ಅಪ್ಪಿಕೊಂಡು, ಬೀಳಿಸುವವರೆಗೂ ಕಾಲುಗಳನ್ನು ಓಡಿಸುತ್ತಲೇ ಇರುತ್ತಾನೆ. ಹೆಲ್ಮೆಟ್‌ನ ನೆತ್ತಿಯಿಂದ ಗುದ್ದಿದರೆ ಅದು ಟಾರ್ಗೆಟಿಂಗ್ ಎಂಬ ತಪ್ಪು. ಅದು ಖಚಿತವಾದರೆ ಆಟಗಾರನನ್ನು ಪಂದ್ಯದಿಂದ ಹೊರಹಾಕುತ್ತಾರೆ.

ಮಿಷಿಗನ್ ಸ್ಟೇಡಿಯಂನಂತಹ ಕ್ರೀಡಾಂಗಣಗಳಲ್ಲಿ 1 ಲಕ್ಷಕ್ಕೂ ಹೆಚ್ಚು ಆಸನಗಳಿವೆ. ತವರಿನ ಪ್ರೇಕ್ಷಕರು ತಮ್ಮ ತಂಡದ ದಾಳಿಯ ವೇಳೆ ಸುಮ್ಮನಿದ್ದು, ಎದುರಾಳಿಗಳ ಸರದಿಯಲ್ಲಿ ಕಿರುಚುತ್ತಾರೆ. ಗದ್ದಲದಲ್ಲಿ ಆಟ ಶುರುಮಾಡುವ ಸಂಕೇತ ಕೇಳಿಸದೆ ದಾಳಿಯ ಮುಂಚೂಣಿ ಸಾಲಿನ ಒಬ್ಬ ಆಟಗಾರ (ಲೈನ್‌ಮನ್) ಕ್ಷಣ ಮೊದಲೇ ಕದಲಿದರೂ 5 ಯಾರ್ಡ್ ದಂಡ ಬೀಳುತ್ತದೆ.