ಸಿಡಿದದ್ದು ಟ್ಯಾಂಕ್ ಅಲ್ಲ

ಲಾರಿಯ ಇಂಜಿನ್ ಕಡೆಯಿಂದ ಬೆಂಕಿ ಹತ್ತಿತ್ತು. ನಾವು ಹೋಸ್ ಎಳೆಯುವಷ್ಟರಲ್ಲಿ ಚಾಲಕ ಓಡಿ ಬಂದ. "ಸಾರ್, ಹತ್ತಿರ ಹೋಗ್ಬೇಡಿ, ಗಾಳಿ ಟ್ಯಾಂಕ್ ಸಿಡಿಯುತ್ತೆ!" ಬೆಂಕಿ ಆರಿಸುವ ಕೆಲಸಕ್ಕೆ ಸೇರಿದ ಹೊಸತರಲ್ಲಿ ನನಗೂ ಅದೇ ಭಯವಿತ್ತು.

ಅಷ್ಟರಲ್ಲಿ ಚಾಸಿ ಕೆಳಗಿಂದ ಉದ್ದಕ್ಕೆ 'ಸುಸ್ಸ್' ಅಂತ ಸದ್ದು ಬಂತು. ಟ್ಯಾಂಕ್ ತಾನಾಗೇ ಖಾಲಿಯಾಗುತ್ತಿತ್ತು. ಲಾರಿಯ ಬ್ರೇಕ್ ಕೆಲಸ ಮಾಡುವುದು ಒತ್ತಿ ತುಂಬಿದ ಗಾಳಿಯಿಂದ. ಆ ಗಾಳಿಯ ಟ್ಯಾಂಕಿನಲ್ಲಿ ಇರುವುದು ಸುಮಾರು 8ರಿಂದ 10 ಬಾರ್ ಒತ್ತಡ (ಒಂದು ಬಾರ್ ಅಂದರೆ ಹೆಚ್ಚುಕಡಿಮೆ ನಮ್ಮ ಸುತ್ತಲಿನ ಗಾಳಿಯಷ್ಟೇ ಒತ್ತಡ). ಉಕ್ಕು ಸೋಲುವ ಮೊದಲೇ ಅದಕ್ಕೆ ಜೋಡಿಸಿದ ನೈಲಾನ್ ಪೈಪು, ರಬ್ಬರ್ ಹೋಸು ಕರಗಿಬಿಡುತ್ತವೆ. ಗಾಳಿ ಅಲ್ಲಿಂದಲೇ ಹೊರಗೆ. ಗಾಳಿ ಉರಿಯುವುದಿಲ್ಲ ನಿಜ, ಆದರೆ ತಿದಿ ಒತ್ತಿದ ಹಾಗೆ ಜ್ವಾಲೆ ಒಂದು ಗಳಿಗೆ ಭುಗ್ಗೆಂದಿತು.

ಗಾಳಿ ಹೋದರೆ ಬ್ರೇಕ್ ಬಿಟ್ಟುಹೋಗುತ್ತೆ ಅಂದುಕೊಳ್ಳುವವರು ಜಾಸ್ತಿ. ಆಗುವುದು ಉಲ್ಟಾ. ಹಿಂದಿನ ಚಕ್ರಗಳ ಬ್ರೇಕ್ ಚೇಂಬರಿನೊಳಗೆ ದಪ್ಪ ಸ್ಪ್ರಿಂಗ್ ಇರುತ್ತದೆ. ಅದನ್ನು ಅದುಮಿ ಹಿಡಿದಿರುವುದೇ ಗಾಳಿ. ಗಾಳಿ ಹೋದೊಡನೆ ಸ್ಪ್ರಿಂಗ್ ಬ್ರೇಕನ್ನು ಕಚ್ಚಿಸುತ್ತದೆ, ಗಾಡಿ ಅಲುಗುವುದಿಲ್ಲ. ನನಗೆ ಟ್ಯಾಂಕಿಗಿಂತ ಭಯ ಈ ಸ್ಪ್ರಿಂಗಿನದೇ. ಚೇಂಬರಿನ ಅಲ್ಯೂಮಿನಿಯಂ ಕವಚ ಕರಗಿದರೆ ಅದು ಗುಂಡಿನ ಹಾಗೆ ಹಾರಿ ಬರಬಹುದು. ಆಮೇಲೆ ಬ್ರೇಕಿನ ಹಿಡಿತವೂ ಇರುವುದಿಲ್ಲ, ಇಳಿಜಾರಿದ್ದರೆ ಗಾಡಿ ಉರುಳುತ್ತದೆ. ಅದಕ್ಕೇ ಬೆಂಕಿ ಇನ್ನೂ ಮುಟ್ಟದ ಚಕ್ರಕ್ಕೆ ಮೊದಲು ಮರದ ದಿಮ್ಮಿ ಅಡ್ಡ ಕೊಟ್ಟೆವು.

ಆಮೇಲೆ 'ಢಮಾರ್' ಅಂತು.

"ನೋಡಿ, ಟ್ಯಾಂಕ್ ಹೋಯ್ತು!" ಅಂದ ಚಾಲಕ. ಅಲ್ಲ, ಅದು ಟೈರು. ಟೈರಿನ ಪಕ್ಕಕ್ಕೆ ಎದುರಾಗಿ ನಾವು ಯಾರೂ ನಿಲ್ಲುವುದಿಲ್ಲ, ಸಿಡಿತದ ಹೊಡೆತ ಬೀಳುವುದು ಆ ಕಡೆಗೇ. ಗಾಡಿಯ ಮೂಲೆ ಕಡೆಯಿಂದ, ಓರೆಯಾಗಿ, ದೂರದಿಂದಲೇ ನೀರು ಹೊಡೆದೆವು. ಏರ್ ಸಸ್ಪೆನ್ಷನ್ ಇರುವ, ಅಂದರೆ ಗಾಳಿಚೀಲಗಳ ಮೇಲೆ ಕೂತ ಗಾಡಿಯಾದರೆ ಇನ್ನೊಂದು ಫಜೀತಿ: ಗಾಳಿಚೀಲ ಸುಟ್ಟರೆ ಚಾಸಿ ದಬಕ್ಕನೆ ಕುಸಿಯುತ್ತದೆ. ಅದರಡಿಗೆ ಕೈಯೂ ಹಾಕಬಾರದು.

ಹಾಗಂತ ಗಾಳಿ ತುಂಬಿದ್ದೆಲ್ಲ ಸುಸ್ಸೆಂದು ಸುಮ್ನಾಗುತ್ತೆ ಅಂದುಕೊಳ್ಳಬೇಡಿ. ಕಾರಿನ ಡಿಕ್ಕಿಯಲ್ಲಿ, ನೀರಿನಡಿ ಉಸಿರಾಡಲು ಗಾಳಿ ತುಂಬಿಟ್ಟ ಡೈವಿಂಗ್ ಸಿಲಿಂಡರ್ ಇದೆ ಅಂತ ಗೊತ್ತಾದರೆ ನಾನು ಹುಡುಗರನ್ನು ಹಿಂದಕ್ಕೆ ಕರೆಯುತ್ತೇನೆ. ತುಂಬಿದಾಗ ಅದರಲ್ಲಿ ಸುಮಾರು 200 ಬಾರ್ ಇರುತ್ತದೆ, ಕರಗಿ ದಾರಿ ಬಿಡುವ ಪೈಪೂ ಇಲ್ಲ. ಅರ್ಧ ತುಂಬಿದ ಸಿಲಿಂಡರಿನದು ಇನ್ನೂ ತಲೆನೋವು. ಒತ್ತಡ ಏರಿ ಸುರಕ್ಷತಾ ಬಿಲ್ಲೆ (ಒತ್ತಡ ಮಿತಿ ಮೀರಿದಾಗ ಒಡೆದು ಗಾಳಿಗೆ ದಾರಿ ಬಿಡುವ ತೆಳು ತಗಡು) ಒಡೆಯುವ ಮೊದಲೇ ಕಾದ ಅಲ್ಯೂಮಿನಿಯಂ ಸೋತು ಸೀಳಬಹುದು.

ಲಾರಿ ಪೂರ್ತಿ ತಣಿದ ಮೇಲೆ ಚಾಲಕನನ್ನು ಕರೆದು ಟ್ಯಾಂಕ್ ತೋರಿಸಿದೆ. ಬಣ್ಣ ಸುಟ್ಟು ಹೋಗಿತ್ತು, ಮೈಯೆಲ್ಲ ಮಸಿ. ಬಿರುಕು ಮಾತ್ರ ಇರಲಿಲ್ಲ. ಪೈಪು ಇದ್ದ ಜಾಗದಲ್ಲಿ ಹಿತ್ತಾಳೆ ಫಿಟ್ಟಿಂಗಿಗೆ ಕಪ್ಪು ನೈಲಾನಿನ ಒಂದು ತೊಟ್ಟು ಅಂಟಿಕೊಂಡಿತ್ತು.