ಬಂದ ಶುಭಾಶಯ ಪತ್ರಗಳನ್ನು ಎಲ್ಲಿಡೋಣ?

ಗ್ರೀಟಿಂಗ್ ಕಾರ್ಡ್ ಬಂದ ದಿನ ಎಲ್ಲ ಮನೆಗಳಲ್ಲೂ ನಡೆಯುವುದು ಒಂದೇ. ಓದುತ್ತೇವೆ, ಮನೆಯವರಿಗೆಲ್ಲ ತೋರಿಸುತ್ತೇವೆ, ಟಿವಿ ಪಕ್ಕದಲ್ಲೋ ಪುಸ್ತಕದ ಕಪಾಟಿನ ಮೇಲೋ ನಿಲ್ಲಿಸುತ್ತೇವೆ. ಎರಡು ದಿನ ಕಳೆಯುವುದರೊಳಗೆ ಫ್ಯಾನ್ ಗಾಳಿಗೆ ಅದು ಬೀಳುತ್ತದೆ. ಯಾರೋ ಎತ್ತಿ ಮಲಗಿಸಿಡುತ್ತಾರೆ, ಅದರ ಮೇಲೆ ಬಿಲ್ಲು, ಬೀಗದ ಕೈ, ಔಷಧಿ ಚೀಟಿ ಎಲ್ಲ ಸೇರಿಕೊಳ್ಳುತ್ತವೆ. ತಿಂಗಳಾದ ಮೇಲೆ ಮನೆ ಒಪ್ಪ ಮಾಡುವಾಗ ಮೂಲೆ ಮಡಚಿಕೊಂಡ ಆ ಕಾರ್ಡ್ ಸಿಕ್ಕರೆ, ಎಸೆಯಲೂ ಮನಸ್ಸು ಬಾರದು, ಇಡಲೂ ಜಾಗ ತೋಚದು.

ಚೆನ್ನಾಗಿ ಕಾಣುವಂತೆ ಜೋಡಿಸಲು ಹತ್ತಾರು ದಾರಿಗಳಿವೆ. ಅವುಗಳಲ್ಲಿ ಆರಿಸುವಾಗ ನಾನು ನೋಡುವುದು ಒಂದೇ ವಿಷಯ. ಕಾರ್ಡನ್ನು ಕೈಗೆತ್ತಿಕೊಂಡು, ತೆರೆದು ಓದಿ, ಮತ್ತೆ ಅಲ್ಲೇ ಇಡಲು ಬರಬೇಕು. ಹೊರಗಿನ ಹೂವು, ಹಕ್ಕಿ, ಬಂಗಾರದ ಅಕ್ಷರ ಎಲ್ಲ ಅಚ್ಚಿನ ಮನೆಯವರದು. ಕಳಿಸಿದವರು ಸ್ವಂತ ಕೈಯಿಂದ ಬರೆದ ನಾಲ್ಕು ಸಾಲು ಇರುವುದು ಒಳಗೆ. ಗೋಡೆಗೆ ಅಂಟಿಸಿಬಿಟ್ಟರೆ ಉಳಿಯುವುದು ಬರೀ ಚಿತ್ರ. ಹಾಗಾಗಿ ನನ್ನ ಕಾರ್ಡುಗಳಿಗೆ ಅಂಟಿಲ್ಲ, ತೂತಿಲ್ಲ, ಸ್ಟೇಪ್ಲರ್ ಪಿನ್ನಂತೂ ಇಲ್ಲವೇ ಇಲ್ಲ.

ಮೊದಲಿಗೆ ಈ ತೊಂದರೆಯೇ ಇರಲಿಲ್ಲ ಅನ್ನಿ. 1843ರಲ್ಲಿ ಲಂಡನ್ನಿನ ಹೆನ್ರಿ ಕೋಲ್ ಎಂಬವರು ಜಾನ್ ಕಾಲ್ಕಾಟ್ ಹಾರ್ಸ್ಲಿ ಎಂಬ ಚಿತ್ರಕಾರರಿಂದ ಬರೆಸಿ ಅಚ್ಚು ಹಾಕಿಸಿದ ಕ್ರಿಸ್‌ಮಸ್ ಕಾರ್ಡನ್ನೇ ಮಾರಾಟಕ್ಕೆ ಬಂದ ಮೊದಲ ಕ್ರಿಸ್‌ಮಸ್ ಕಾರ್ಡ್ ಎನ್ನುತ್ತಾರೆ. ಅದು ಮಡಿಕೆಯಿಲ್ಲದ ಒಂಟಿ ಹಾಳೆ. ಚಿತ್ರ, ಶುಭಾಶಯ, ಹೆಸರು ಬರೆಯುವ ಜಾಗ, ಎಲ್ಲವೂ ಒಂದೇ ಮುಖದಲ್ಲಿ. ಗೋಡೆಗೆ ಒರಗಿಸಿದರೆ ಪೂರ್ತಿ ಓದಬಹುದಿತ್ತು. ಆಮೇಲೆ ಮಡಚುವ ಕಾರ್ಡುಗಳು ಬಂದವು, ಮಾತು ಒಳಗೆ ಸೇರಿತು.

ಜೋಡಿಸುವ ಮೊದಲು ಕಾರ್ಡುಗಳನ್ನೆಲ್ಲ ಮೇಜಿನ ಮೇಲೆ ಹರಡಿಕೊಂಡು ಬೇರೆ ಬೇರೆ ಮಾಡಿ. ಪುಸ್ತಕದ ಹಾಗೆ ಪಕ್ಕಕ್ಕೆ ತೆರೆಯುವವು ಒಂದು ಕಡೆ, ಮಡಿಕೆ ಮೇಲಿದ್ದು ಕೆಳಗಿನಿಂದ ಎತ್ತಿ ತೆರೆಯುವವು ಇನ್ನೊಂದು ಕಡೆ. ತೆರೆದಾಗ ಚಿತ್ರ ಎದ್ದು ನಿಲ್ಲುವವು, ಹಾಡು ಹೇಳುವವು, ಮಿನುಗುಪುಡಿ ಉದುರಿಸುವವು ಮೂರನೆಯ ಗುಂಪು. ಮಡಿಕೆ ಎಲ್ಲಿದೆ ಎನ್ನುವುದನ್ನು ಗಮನಿಸದೆ ನೇತು ಹಾಕಿ, ಆಮೇಲೆ ಕಾರ್ಡ್ ಅಡ್ಡಡ್ಡ ತಿರುಗಿಕೊಂಡಿತು ಎಂದು ದಾರವನ್ನು ಬೈಯುವವರೇ ಹೆಚ್ಚು.

ದಾರದ ವಿಚಾರಕ್ಕೇ ಬರೋಣ. ನನ್ನ ಮಟ್ಟಿಗೆ ಇದಕ್ಕಿಂತ ಸುಲಭದ, ಚೆಂದದ ಏರ್ಪಾಡು ಇನ್ನೊಂದಿಲ್ಲ. ಗೋಡೆಯ ಎರಡು ಕೊಕ್ಕೆಗಳ ನಡುವೆ ದಾರ ಕಟ್ಟಿ, ಪುಟ್ಟ ಮರದ ಕ್ಲಿಪ್ಪುಗಳಿಂದ ಕಾರ್ಡುಗಳನ್ನು ಸಿಕ್ಕಿಸುವುದು, ಅಷ್ಟೇ. ಆದರೆ ಈ ಅಷ್ಟೇ ಎನ್ನುವುದರಲ್ಲೇ ನಾಲ್ಕಾರು ಸಣ್ಣ ಸೂಕ್ಷ್ಮಗಳಿವೆ. ನೈಲಾನ್ ದಾರ ನುಣುಪು. ಭಾರಕ್ಕೆ ನಡುವೆ ಜಗ್ಗಿ, ಕ್ಲಿಪ್ಪುಗಳೆಲ್ಲ ಜಾರಿ ಮಧ್ಯದಲ್ಲಿ ಗುಂಪು ಸೇರುತ್ತವೆ. ಒರಟಾದ ಸೆಣಬಿನ ಹುರಿಯೋ ಹತ್ತಿಯ ದಪ್ಪ ದಾರವೋ ಆದರೆ ಕ್ಲಿಪ್ ಕೂತಲ್ಲೇ ಕೂರುತ್ತದೆ. ನೈಲಾನೇ ಇರುವುದಾದರೆ ಕಟ್ಟುವ ಮೊದಲೇ ಅಂಗೈಯಗಲಕ್ಕೊಂದರಂತೆ ಗಂಟು ಹಾಕಿಕೊಳ್ಳಿ, ಜಾರುವ ಕ್ಲಿಪ್ ಗಂಟಿಗೆ ತಡೆದು ನಿಲ್ಲುತ್ತದೆ. ದಾರ ಒಂದೂವರೆ ಮೀಟರಿಗಿಂತ ಉದ್ದವಾದರೆ ನಡುವೆ ಇನ್ನೊಂದು ಕೊಕ್ಕೆ ಬೇಕು. ಬಿಗಿಯಾಗಿ ಎಳೆದು ಕಟ್ಟುವುದೂ ಬೇಡ. ಸ್ವಲ್ಪ ಬಾಗಿದ್ದರೆ ನೋಟಕ್ಕೂ ಚೆಂದ, ಕೊಕ್ಕೆಗೂ ಭಾರ ಕಡಿಮೆ.

ಹೊಸ ಕ್ಲಿಪ್ಪಿನ ಸ್ಪ್ರಿಂಗ್ ಗಟ್ಟಿ ಇರುತ್ತದೆ, ದಪ್ಪ ಕಾಗದದ ಮೇಲೂ ಹಲ್ಲಿನ ಗುರುತು ಬಿಡುತ್ತದೆ. ಕ್ಲಿಪ್ಪಿಗೂ ಕಾರ್ಡಿಗೂ ನಡುವೆ ಚೂರು ಬಿಳಿ ಕಾಗದ ಮಡಚಿ ಇಟ್ಟರೆ ಗುರುತು ಆ ಕಾಗದದ ಮೇಲೆ ಬೀಳುತ್ತದೆ. ಕಬ್ಬಿಣದ ಪೇಪರ್ ಕ್ಲಿಪ್ ಮಾತ್ರ ತೇವದ ಜಾಗದಲ್ಲಿ ಬೇಡ, ತುಕ್ಕಿನ ಕಲೆ ಯಾವ ಉಪಾಯಕ್ಕೂ ಹೋಗುವುದಿಲ್ಲ. ಇನ್ನು ಮಡಿಕೆ ಮೇಲಿರುವ ಕಾರ್ಡುಗಳಿಗೆ ಕ್ಲಿಪ್ಪೇ ಬೇಕಿಲ್ಲ. ಬಟ್ಟೆ ಒಣಗಹಾಕುವ ಹಾಗೆ ಮಡಿಕೆಯನ್ನು ದಾರದ ಮೇಲೆ ಕೂರಿಸಿದರೆ ಸಾಕು. ಫ್ಯಾನಿನ ಗಾಳಿ ನೇರವಾಗಿ ಬೀಳುವ ಗೋಡೆಯಾದರೆ ಎರಡು ದಾರಗಳನ್ನು ಸ್ವಲ್ಪ ಅಂತರದಲ್ಲಿ ಮೇಲೆ ಕೆಳಗೆ ಕಟ್ಟಿ. ಕಾರ್ಡಿನ ಕೆಳತುದಿ ಎರಡನೆಯ ದಾರದ ಹಿಂದೆ ಸಿಕ್ಕಿಕೊಂಡಿದ್ದರೆ ಪಟಪಟ ಬಡಿದುಕೊಳ್ಳುವುದು ನಿಲ್ಲುತ್ತದೆ.

ಬಾಡಿಗೆ ಮನೆಯಲ್ಲಿದ್ದು ಗೋಡೆಗೆ ಮೊಳೆ ಹೊಡೆಯುವಂತಿಲ್ಲ ಎನ್ನುವವರಿಗೆ ಕಪಾಟಿನ ಬಾಗಿಲಿದೆ. ಅಗಲದ ರಿಬ್ಬನ್ ಒಂದನ್ನು ಬಾಗಿಲಿನ ಮೇಲಿನಿಂದ ಕೆಳಗಿನವರೆಗೆ ಸುತ್ತಿ ಒಳಬದಿಯಲ್ಲಿ ಬಿಗಿಯಾಗಿ ಗಂಟು ಹಾಕಿ. ಪಕ್ಕಕ್ಕೆ ತೆರೆಯುವ ಕಾರ್ಡಿನ ಹಿಂಭಾಗದ ಹಾಳೆಯನ್ನು ರಿಬ್ಬನ್ನಿನ ಹಿಂದಕ್ಕೆ ತೂರಿಸಿ. ಮುಂಭಾಗದ ಚಿತ್ರ ಹೊರಗಿರುತ್ತದೆ, ರಿಬ್ಬನ್ ಮಡಿಕೆಯೊಳಗೆ ಅಡಗಿರುತ್ತದೆ. ಜಾರುವ ಭಾರದ ಕಾರ್ಡಾದರೆ ಮೇಲ್ತುದಿಗೆ ಒಂದು ಸಣ್ಣ ಕ್ಲಿಪ್ ಕೊಡಿ. ತೆಗೆಯಬೇಕೆಂದಾಗ ಗಂಟು ಬಿಚ್ಚಿದರಾಯಿತು, ಬಣ್ಣಕ್ಕೂ ಮರಕ್ಕೂ ಏನೂ ಆಗಿರುವುದಿಲ್ಲ. ಸಾಧಾರಣ ಸೆಲ್ಲೋಟೇಪಿನಿಂದ ಅಂಟಿಸುವವರನ್ನು ಕಂಡರೆ ನನಗೆ ಕೈ ಹಿಡಿದು ನಿಲ್ಲಿಸಬೇಕು ಎನಿಸುತ್ತದೆ. ಅದರ ಅಂಟು ಕಾಲ ಹೋದ ಹಾಗೆ ಹಳದಿಯಾಗಿ ಕಾಗದದೊಳಕ್ಕೆ ಇಳಿಯುತ್ತದೆ, ಟೇಪ್ ಒಣಗಿ ಉದುರುತ್ತದೆ, ಕಂದು ಪಟ್ಟಿ ಮಾತ್ರ ಶಾಶ್ವತವಾಗಿ ಉಳಿಯುತ್ತದೆ.

ಯಾವ ಗೋಡೆ ಎನ್ನುವುದೂ ಮುಖ್ಯ. ಬಿಸಿಲು ನೇರವಾಗಿ ಬೀಳುವ ಗೋಡೆಯಲ್ಲಿ ಕಾರ್ಡ್ ಕಂಗೊಳಿಸುವುದೇನೋ ನಿಜ, ಆದರೆ ಬಾಳುವುದಿಲ್ಲ. ಅಂಗಡಿ ಕಿಟಕಿಯ ಹಳೆಯ ಪೋಸ್ಟರುಗಳು ನೀಲಿ ನೀಲಿಯಾಗಿ ಕಾಣುವುದನ್ನು ನೋಡಿರುತ್ತೀರಿ. ಅಚ್ಚಿನ ಶಾಯಿಗಳಲ್ಲಿ ಹಳದಿ ಮತ್ತು ಕೆಂಪು ಮೊದಲು ಮಾಸುತ್ತವೆ, ನೀಲಿ, ಕಪ್ಪು ಗಟ್ಟಿಯಾಗಿ ನಿಲ್ಲುತ್ತವೆ. ಕಿಟಕಿಯ ಸಾಧಾರಣ ಗಾಜು ಅತಿನೇರಳೆ ಕಿರಣಗಳನ್ನು ಪೂರ್ತಿ ತಡೆಯುವುದಿಲ್ಲ, ಬರಿಯ ಬೆಳಕೂ ನಿಧಾನಕ್ಕೆ ಅದೇ ಕೆಲಸ ಮಾಡುತ್ತದೆ. ಮಾಸಿದ ಬಣ್ಣ ಕತ್ತಲಲ್ಲಿಟ್ಟರೆ ಮರಳಿ ಬರುವುದೂ ಇಲ್ಲ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಒಂದೊಂದು ಸಲ ಗೋಡೆ ನೋಡಿ, ಮೂರು ಹೊತ್ತೂ ಬಿಸಿಲಿನ ಪಟ್ಟೆ ಬೀಳದ ಜಾಗ ಹುಡುಕಿ. ರಾತ್ರಿ ಮೆರುಗಿಗೆ ಸಣ್ಣ ಎಲ್‌ಇಡಿ ದೀಪದ ಸರ ಹಾಕಬಹುದು, ಹಳೆಯ ಬಲ್ಬುಗಳಷ್ಟು ಬಿಸಿಯಾಗುವುದಿಲ್ಲ. ಒಲೆಯ ಹತ್ತಿರ ಮಾತ್ರ ಯಾವ ಕಾರ್ಡೂ ಬೇಡ. ಬೆಂಕಿಯ ಭಯ ಒಂದು ಕಡೆ, ಎಣ್ಣೆ ಹಬೆಯ ಜಿಡ್ಡು ಇನ್ನೊಂದು ಕಡೆ.

ಬಹಳ ಇಷ್ಟದ ಒಂದೆರಡು ಕಾರ್ಡಿಗೆ ಚೌಕಟ್ಟು ಹಾಕಿಸಿ, ಬೇಡ ಅನ್ನುವುದಿಲ್ಲ. ಐದು ಏಳು ಇಂಚಿನ ಕಾರ್ಡಿಗೆ ಅದೇ ಅಳತೆಯ ಫ್ರೇಮ್ ತರುವ ಬದಲು ಎಂಟು ಹತ್ತು ಇಂಚಿನದು ತಂದು, ಸುತ್ತ ದಪ್ಪ ರಟ್ಟಿನ ಅಂಚು ಕೊಡಿ. ಅದು ಬರೀ ಅಂದಕ್ಕಲ್ಲ. ಗಾಜಿಗೂ ಕಾಗದಕ್ಕೂ ನಡುವೆ ಗಾಳಿಯಾಡುವಷ್ಟು ಸಂದು ಇಲ್ಲದಿದ್ದರೆ ತೇವದ ದಿನಗಳಲ್ಲಿ ನುಣುಪಾದ ಕಾರ್ಡ್ ಗಾಜಿಗೆ ಹಿಡಿದುಕೊಳ್ಳುತ್ತದೆ, ಬಿಡಿಸಲು ಹೋದರೆ ಬಣ್ಣ ಕಿತ್ತು ಬರುತ್ತದೆ. ಹಿಂದಿನ ರಟ್ಟಿಗೆ ಕಾರ್ಡನ್ನು ಫೋಟೋ ಆಲ್ಬಮ್ಮಿನ ಮೂಲೆಚೀಟಿಗಳಿಂದ ಸಿಕ್ಕಿಸಿ. ಫ್ರೇಮಿನೊಳಗೆ ಕೂತದ್ದನ್ನು ತೆರೆದು ಓದುವುದು ಹೇಗೆ ಎಂದರೆ, ಹಾಕುವ ಮುಂಚೆ ಒಳಪುಟವನ್ನು 300 ಡಿಪಿಐನಲ್ಲಿ, ಅಂದರೆ ಇಂಚಿಗೆ 300 ಚುಕ್ಕಿಗಳ ಸ್ಪಷ್ಟತೆಯಲ್ಲಿ, ಸ್ಕ್ಯಾನ್ ಮಾಡಿಸಿ, ಒಳ್ಳೆಯ ಕಾಗದದ ಮೇಲೆ ಪ್ರಿಂಟ್ ತೆಗೆದು, ಜೋಡಿ ಫ್ರೇಮಿನಲ್ಲಿ ಪಕ್ಕಕ್ಕೆ ಇಡಿ. ಎಡಕ್ಕೆ ಚಿತ್ರ, ಬಲಕ್ಕೆ ಅವರ ಕೈಬರಹ. ನೋಡಿದವರು ಮೊದಲು ಬಲಗಡೆಯದನ್ನೇ ಬಗ್ಗಿ ಓದುತ್ತಾರೆ.

ಮೇಜಿನ ಗಾಜಿನ ಕೆಳಗೆ ಹರಡುವುದು ಹಳೆಯ ರೂಢಿ, ನನಗೆ ಅದರ ಮೇಲೆ ನಂಬಿಕೆಯಿಲ್ಲ. ಒಂದು ಲೋಟ ನೀರು ಚೆಲ್ಲಿದರೆ ಮೇಲೆ ಒರೆಸಿ ಸುಮ್ಮನಾಗುತ್ತೇವೆ. ಗಾಜಿನ ಅಂಚಿನಿಂದ ಒಳಕ್ಕೆ ಎಳೆದುಕೊಂಡ ನೀರು ಕಾರ್ಡುಗಳ ನಡುವೆ ವಾರಗಟ್ಟಲೆ ಹಾಗೇ ಇರುತ್ತದೆ. ಫ್ರಿಜ್ಜಿನ ಬಾಗಿಲಿಗೆ ಮ್ಯಾಗ್ನೆಟ್ ಸಿಕ್ಕಿಸುವುದು ಪರವಾಗಿಲ್ಲ, ನಾಲ್ಕಕ್ಕಿಂತ ಹೆಚ್ಚು ಬೇಡ, ನೋಟೀಸ್ ಬೋರ್ಡಿನಂತಾಗುತ್ತದೆ.

ತೆರೆದರೆ ಮನೆ, ಮರ, ದೋಣಿ ಎದ್ದು ನಿಲ್ಲುವ ಕಾರ್ಡುಗಳನ್ನು ನೇತು ಹಾಕಿ ಪ್ರಯೋಜನವಿಲ್ಲ. ಅವುಗಳ ಜಾಗ ಕಪಾಟು, ಅದೂ ಕಣ್ಣಿನ ಎತ್ತರದ ಸಾಲು. ಕೆಲವು ಅರ್ಧ ತೆರೆದಾಗ ಸರಿಯಾಗಿ ನಿಲ್ಲುತ್ತವೆ, ಕೆಲವು ಪೂರ್ತಿ ಚಪ್ಪಟೆಯಾಗಿ ತೆರೆದಾಗ. ಬಲವಂತ ಮಾಡದೆ ಅದು ತಾನಾಗಿ ನಿಲ್ಲುವಷ್ಟೇ ತೆರೆಯಿರಿ. ತಿಂಗಳುಗಟ್ಟಲೆ ತೆರೆದೇ ಇಟ್ಟರೆ ಒಳಗಿನ ಮಡಿಕೆಗಳು ಸಡಿಲಾಗುತ್ತವೆ, ಸಂದುಗಳಲ್ಲಿ ದೂಳು ಕೂರುತ್ತದೆ. ಮೆತ್ತಗಿನ ಪೇಂಟ್ ಬ್ರಷ್ಷಿನಿಂದ ದೂಳು ತೆಗೆದು, ಆಗಾಗ ಮುಚ್ಚಿಟ್ಟು ಇನ್ನೊಂದಕ್ಕೆ ಸರದಿ ಕೊಡಿ. ಮಿನುಗುಪುಡಿಯ ಕಾರ್ಡನ್ನು ಉಳಿದವುಗಳ ಜೊತೆ ಸೇರಿಸಬೇಡಿ, ಆ ಪುಡಿ ಮನೆ ಬಿಟ್ಟು ಹೋಗುವುದಿಲ್ಲ.

ಹಾಡುವ ಕಾರ್ಡಿನ ಬಗ್ಗೆ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಅದರೊಳಗೆ ಬಟನ್ ಸೆಲ್, ಅಂದರೆ ಅಂಗಿ ಗುಂಡಿಯಂಥ ಪುಟ್ಟ ಬ್ಯಾಟರಿ ಇರುತ್ತದೆ. ಪುಟ್ಟ ಮಕ್ಕಳು ಅದನ್ನು ಕಿತ್ತು ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಡುವಷ್ಟು ಅಪಾಯ. ಅನುಮಾನ ಬಂದರೂ ಸಾಕು, ಕಾಯದೆ ಆಸ್ಪತ್ರೆಗೆ ಓಡಬೇಕು. ಮಕ್ಕಳಿರುವ ಮನೆಯಲ್ಲಿ ಇಂಥ ಕಾರ್ಡ್ ಕೈಗೆಟುಕದ ಎತ್ತರದಲ್ಲಿರಲಿ. ಎತ್ತಿಡುವ ಕಾಲಕ್ಕೆ ಸೆಲ್ ತೆಗೆದೇ ಇಡಿ, ಇಲ್ಲವಾದರೆ ವರ್ಷಗಳ ಮೇಲೆ ಸೋರಿ ಕಾಗದವನ್ನೂ ತಿನ್ನುತ್ತದೆ.

ಕೊಂಚ ಬೇರೆಯಾಗಿ ಮಾಡಬೇಕೆನ್ನುವವರು ಒಣಗಿದ ಕೊಂಬೆಯೊಂದನ್ನು ತನ್ನಿ. ಕವಲುಗಳು ಹೆಚ್ಚಿದ್ದಷ್ಟೂ ಒಳ್ಳೆಯದು. ಸಿಪ್ಪೆ, ಹುಳ ನೋಡಿ ಒರೆಸಿ, ಭಾರದ ಹೂದಾನಿಯಲ್ಲಿ ಬೆಣಚುಕಲ್ಲು ತುಂಬಿ ನಿಲ್ಲಿಸಿ. ಕಾರ್ಡಿಗೆ ತೂತು ಬೇಡ. ದಾರವನ್ನು ಮಡಿಕೆಯ ಒಳಗಿನಿಂದ ಹಾಯಿಸಿ, ಬೆನ್ನಿನ ಹೊರಗಿನಿಂದ ಮೇಲಕ್ಕೆ ತಂದು, ಮಡಿಕೆಯ ಮೇಲ್ತುದಿಯಲ್ಲಿ ಗಂಟು ಹಾಕಿ, ಉಳಿದ ದಾರವನ್ನು ಕೊಂಬೆಗೆ ಕುಣಿಕೆ ಮಾಡಿ. ಕಾರ್ಡ್ ಸ್ವಲ್ಪ ತೆರೆದುಕೊಂಡು ತೂಗುತ್ತದೆ, ಒಳಗಿನ ಬರಹ ಇಣುಕುತ್ತದೆ. ಹಗುರ ಕಾರ್ಡುಗಳಿಗಷ್ಟೇ ಈ ಉಪಾಯ.

ಮಕ್ಕಳು ಮನೆಯಲ್ಲೇ ಬರೆದು ಕೊಟ್ಟ ಕಾರ್ಡುಗಳನ್ನು ಅವರ ಕಣ್ಣಿನ ಎತ್ತರಕ್ಕೇ ಹಾಕಿ, ನಮ್ಮ ಎತ್ತರಕ್ಕಲ್ಲ. ಕ್ರೇಯಾನಿನದು ಮೇಣ, ಗಾಜಿಗೆ ಒತ್ತಿದರೂ ಬಿಸಿಲಿಗಿಟ್ಟರೂ ಅಂಟಿಕೊಳ್ಳುತ್ತದೆ. ಸ್ಕೆಚ್ ಪೆನ್ನಿನ ಬಣ್ಣ ಎಲ್ಲಕ್ಕಿಂತ ಬೇಗ ಹಾರುತ್ತದೆ, ಅದಕ್ಕೊಂದು ಫೋಟೋ ಮೊದಲೇ ತೆಗೆದಿಟ್ಟುಕೊಳ್ಳುವುದು ಜಾಣತನ. ಸಾಂತ್ವನ ಹೇಳಿ ಬಂದ ಪತ್ರಗಳನ್ನೂ, ಒಳಗೆ ಮನಸ್ಸು ಬಿಚ್ಚಿ ಬರೆದವುಗಳನ್ನೂ ನಡುಮನೆಯಲ್ಲಿ ಹಾಕಬೇಡಿ. ಬಂದ ನೆಂಟರು ಸುಮ್ಮನೆ ಕೂರುವವರಲ್ಲ, ಎಲ್ಲವನ್ನೂ ತೆರೆದು ನೋಡುತ್ತಾರೆ. ಅವು ಮಲಗುವ ಕೋಣೆಯಲ್ಲಿ, ನಿಮ್ಮ ಕೈಗೆ ಸಿಗುವ ಕಡೆ ಇರಲಿ.

ಒಂದು ತಿಂಗಳು, ಹೆಚ್ಚೆಂದರೆ ಎರಡು ತಿಂಗಳು ಗೋಡೆಯ ಮೇಲಿದ್ದರೆ ಸಾಕು. ಇಳಿಸುವಾಗ ಪ್ರತಿ ಕಾರ್ಡಿನ ಹಿಂದೆ ಪೆನ್ಸಿಲಿನಲ್ಲಿ ವರ್ಷ, ಸಂದರ್ಭ ಬರೆಯಿರಿ. ‘ಪ್ರೀತಿಯಿಂದ, ಅಕ್ಕ’ ಎಂದಷ್ಟೇ ಇದ್ದರೆ ಮುಂದಿನವರಿಗೆ ಯಾವ ಅಕ್ಕ ಎಂದು ಹೇಗೆ ತಿಳಿಯಬೇಕು? ಬಾಗಿದ ಕಾರ್ಡನ್ನು ಎರಡು ಬಿಳಿ ಹಾಳೆಗಳ ನಡುವೆ ಇಟ್ಟು ಮೇಲೆ ದಪ್ಪ ಪುಸ್ತಕಗಳನ್ನು ಹೇರಿದರೆ ಕೆಲವು ದಿನಗಳಲ್ಲಿ ನೆಟ್ಟಗಾಗುತ್ತದೆ. ರಬ್ಬರ್ ಬ್ಯಾಂಡ್ ಹಾಕಬೇಡಿ, ಕರಗಿ ಅಂಟುತ್ತದೆ. ಹತ್ತಿಯ ಪಟ್ಟಿಯಿಂದ ಸಡಿಲವಾಗಿ ಕಟ್ಟಿ. ಮೆತ್ತಗಿದ್ದು ವಾಸನೆ ಬರುವ ಪಿವಿಸಿ ಪ್ಲಾಸ್ಟಿಕ್ಕಿನ ಕವರಿಗೆ ಶಾಯಿ ಹತ್ತಿಕೊಳ್ಳುತ್ತದೆ, ಪಾಲಿಪ್ರೊಪಿಲೀನ್ ಎಂಬ ಬೇರೆ ಪ್ಲಾಸ್ಟಿಕ್ಕಿನ ಕವರ್ ಕೇಳಿ ತನ್ನಿ. ಪೆಟ್ಟಿಗೆ ನೆಲಕ್ಕೂ ತೇವದ ಗೋಡೆಗೂ ತಗುಲದಂತೆ ಇರಲಿ, ಕಾಗದ ಮತ್ತು ಅಂಟು ತಿನ್ನುವ ಬೆಳ್ಳಿ ಬಣ್ಣದ ಹುಳಗಳಿಗೆ ತೇವ, ಕತ್ತಲೆ ಎರಡೂ ಇಷ್ಟ. ವರ್ಷಕ್ಕೆ ಎರಡು ಸಲವಾದರೂ ತೆರೆದು ಗಾಳಿಯಾಡಿಸಿ.

ಬರೀ ಅಚ್ಚಿನ ಹೆಸರಿನೊಂದಿಗೆ ಬಂದು, ಒಳಗೆ ಯಾರೂ ಏನೂ ಬರೆಯದ ಕಾರ್ಡುಗಳಿಗೆ ನನ್ನ ನಿಯಮ ಅನ್ವಯಿಸುವುದಿಲ್ಲ. ಅವುಗಳಿಗೆ ಧಾರಾಳವಾಗಿ ಕತ್ತರಿ ಹಾಕಿ, ದಾರದಲ್ಲಿ ತೂಗುಬಿಡುವ ಅಲಂಕಾರದ ಚೆಂಡು ಮಾಡಿ. ಚಿತ್ರದ ಭಾಗದಿಂದ ಒಂದೇ ಅಳತೆಯ 20 ವೃತ್ತಗಳನ್ನು ಕತ್ತರಿಸಿಕೊಳ್ಳಿ, ಬಳೆ ಇಟ್ಟು ಗೀಟು ಹಾಕಿದರೆ ಅಳತೆ ತಪ್ಪದು. ಪ್ರತಿ ವೃತ್ತದೊಳಗೂ ಮೂರು ಬದಿ ಸಮವಿರುವ ತ್ರಿಕೋನ ಬರೆದು, ಹೊರಗುಳಿದ ಮೂರು ಅರೆಚಂದ್ರಗಳನ್ನು ಚಿತ್ರದ ಕಡೆಗೆ ಮಡಚಿ. ಐದನ್ನು ತುದಿಗಳೆಲ್ಲ ಒಂದೇ ಬಿಂದುವಿನಲ್ಲಿ ಕೂಡುವಂತೆ ಅರೆಚಂದ್ರಕ್ಕೆ ಅರೆಚಂದ್ರ ಅಂಟಿಸಿದರೆ ಮೇಲಿನ ಟೋಪಿ, ಇನ್ನೈದರಿಂದ ಕೆಳಗಿನ ಟೋಪಿ. ಉಳಿದ ಹತ್ತನ್ನು ಒಂದು ಮೇಲ್ಮುಖ ಒಂದು ಕೆಳಮುಖವಾಗಿ ಸಾಲಾಗಿ ಅಂಟಿಸಿ, ಎರಡು ತುದಿ ಕೂಡಿಸಿ ಪಟ್ಟಿ ಮಾಡಿ. ಪಟ್ಟಿಗೆ ಮೊದಲು ಮೇಲಿನ ಟೋಪಿ ಕೂರಿಸಿ, ದಾರದ ತುದಿಗೆ ದೊಡ್ಡ ಗಂಟು ಹಾಕಿ ಒಳಗಿನಿಂದ ಅದರ ನೆತ್ತಿಯ ಮೂಲಕ ಹೊರಗೆಳೆದುಕೊಂಡು, ಆಮೇಲೆ ಕೆಳಗಿನದನ್ನು ಮುಚ್ಚಬೇಕು. ಮುಚ್ಚಿದ ಮೇಲೆ ದಾರದ ನೆನಪಾದರೆ ಒಂದು ಟೋಪಿ ಬಿಚ್ಚದೆ ಗತಿಯಿಲ್ಲ.